ಏಳನೆಯ ಸಾಲು

ನಮ್ಮ ಬೈಂಡಿಂಗ್ ಕೋಣೆಯ ಗೋಡೆಯ ಮೇಲೆ ಒಂದು ಗಡಿಯಾರವಿದೆ, ಆದರೆ ಅದನ್ನು ಯಾರೂ ನೋಡುವುದಿಲ್ಲ. ಅಲ್ಲಿ ಕೆಲಸ ನಡೆಯುವುದು ಹಾಡಿನ ಮೇಲೆ.

ಕೆಳಗಡೆ ಅಚ್ಚಿನ ಯಂತ್ರ, ಮಹಡಿಯ ಮೇಲೆ ನಾವು. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟಗಳ ಒಂದು ಕಟ್ಟಾಗುತ್ತದೆ. ಅದಕ್ಕೆ ಫಾರಂ ಎನ್ನುತ್ತೇವೆ. ಉದ್ದನೆಯ ಮೇಜಿನ ಸುತ್ತ ಒಂದನೆಯ ಫಾರಂನ ರಾಶಿ, ಎರಡನೆಯದರ ರಾಶಿ, ಹೀಗೆ ಹನ್ನೆರಡರವರೆಗೆ ಸಾಲಾಗಿ ಇಟ್ಟುಕೊಂಡು ಒಬ್ಬರ ಹಿಂದೆ ಒಬ್ಬರು ಒತ್ತೊತ್ತಾಗಿ ಮೇಜನ್ನು ಸುತ್ತುತ್ತೇವೆ. ಪ್ರತಿ ರಾಶಿಯಿಂದ ಒಂದೊಂದು ಎತ್ತಿ ಎಡಗೈಯ ಕಟ್ಟಿನ ಅಡಿಗೆ ಸೇರಿಸುತ್ತಾ ಹೋದರೆ, ಸುತ್ತು ಮುಗಿಯುವಾಗ ಕೈಯಲ್ಲಿ ಒಂದು ಪುಸ್ತಕವಿರುತ್ತದೆ. ಹೊಲಿಗೆ, ಗೋಂದು, ರಟ್ಟು ಎಲ್ಲ ಆಮೇಲೆ. ಸುತ್ತುವಾಗ ಮಾತಾಡಿದರೆ ಒಂದು ರಾಶಿ ತಪ್ಪಿಹೋಗುತ್ತದೆ, ಸುಮ್ಮನಿದ್ದರೆ ತೂಕಡಿಕೆ ಬರುತ್ತದೆ. ಅದಕ್ಕೇ ಹಾಡು.

ದೊಡ್ಡ ಅಚ್ಚಿನ ಮನೆಗಳಲ್ಲಿ ಪ್ರತಿ ಫಾರಂನ ಬೆನ್ನಿಗೆ, ಅಂದರೆ ಮಡಿಕೆಯ ಅಂಚಿಗೆ, ಒಂದಕ್ಕಿಂತ ಒಂದು ಸ್ವಲ್ಪ ಕೆಳಗೆ ಬರುವಂತೆ ಕಪ್ಪು ಗುರುತು ಹಾಕುತ್ತಾರಂತೆ. ಜೋಡಿಸಿದಾಗ ಗುರುತುಗಳು ಮೆಟ್ಟಿಲಿನ ಹಾಗೆ ಕಾಣಬೇಕು. ಮೆಟ್ಟಿಲು ಮುರಿದಿದ್ದರೆ ಒಂದು ಫಾರಂ ಕಾಣೆಯಾಗಿದೆ ಎಂದು ಅರ್ಥ. ನಮ್ಮಲ್ಲಿ ಅದಿರಲಿಲ್ಲ. ನಮಗೆ ಹಾಡೇ ಗುರುತು.

ಆ ಹಾಡು ನಾನು ಲಂಗ ಹಾಕುತ್ತಿದ್ದ ಕಾಲದ್ದು. ಹನ್ನೆರಡು ಸಾಲು, ಒಂದು ಸಾಲಿಗೆ ಒಂದು ಫಾರಂ. ಸಾಲಿನ ಕೊನೆಯಲ್ಲಿ ತಾಳ ಬೀಳುವ ಜಾಗದಲ್ಲಿ ಎಲ್ಲರ ಕೈಯೂ ಒಂದರ ಹಿಂದೆ ಒಂದು ಅದೇ ರಾಶಿಯ ಮೇಲೆ ಬೀಳಬೇಕು. ಪುಸ್ತಕಕ್ಕೆ ಹತ್ತೇ ಫಾರಂ ಇದ್ದರೆ ಕೊನೆಯ ಎರಡು ಸಾಲು ಬಿಡುತ್ತೇವೆ, ಹದಿನಾಲ್ಕಿದ್ದರೆ ಮೊದಲ ಎರಡು ಸಾಲನ್ನು ಇನ್ನೊಮ್ಮೆ ಹಾಡುತ್ತೇವೆ. ಬೇರೆ ಹಾಡುಗಳನ್ನೂ ಹಾಡಿ ನೋಡಿದ್ದೆವು. ಒಂದು ಬಹಳ ನಿಧಾನ, ಇನ್ನೊಂದರಲ್ಲಿ ನಡುವೆ ಉಸಿರು ಎಳೆಯಲು ಜಾಗವಿಲ್ಲ. ಇದು ಮಾತ್ರ ಮೇಜಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಮೊದಲ ಸಾಲು ಶುರುವಾದರೆ ಸಾಕು, ಕಾಲು ತಾನಾಗಿ ಹೊರಡುತ್ತಿತ್ತು.

ಹನ್ನೊಂದು ವರ್ಷ ಹೀಗೆ ಸುತ್ತಿದ್ದೇನೆ. ಮುಂದೆ ನಿಂತು ಹಾಡು ಎತ್ತುವವಳು ನಾನೇ. ನನ್ನ ಹಿಂದೆ, ನಾವು ಸೂಜಿ ಎಂದು ಕರೆಯುವವಳು. ಹೊಲಿಗೆಯಲ್ಲಿ ಅವಳನ್ನು ಮೀರಿಸುವವರಿಲ್ಲ, ಚುಚ್ಚುವುದರಲ್ಲೂ ಇಲ್ಲ. ಅವಳ ಹಿಂದೆ ಗೋಂದಿನ ಚಿಕ್ಕಮ್ಮ. ಅವರು ಯಾರ ಚಿಕ್ಕಮ್ಮನೂ ಅಲ್ಲ, ವಯಸ್ಸಿಗೆ ಹಾಗೆ ಕರೆಯುತ್ತೇವೆ. ಅಷ್ಟು ವರ್ಷಗಳಲ್ಲಿ ಆ ಹಾಡು ಏನು ಹೇಳುತ್ತದೆಂದು ನಾನು ಯೋಚಿಸಿದವಳೇ ಅಲ್ಲ. ಒಬ್ಬ ಗಂಡಸು ಬೀದಿಯ ತುದಿಯಲ್ಲಿ ನಿಂತಿದ್ದಾನೆ, ಒಬ್ಬಳು ಬಾಗಿಲು ಹಾಕಿಕೊಂಡಿದ್ದಾಳೆ, ಅವನು ಬಿಡುವುದಿಲ್ಲ ಎನ್ನುತ್ತಾನೆ. ಇಷ್ಟು ಗೊತ್ತಿತ್ತು. ಹನ್ನೆರಡು ಸಾಲು ಗೋಗರೆದರೂ ಅವಳು ಬಾಗಿಲು ತೆಗೆಯಲಿಲ್ಲ, ಗಟ್ಟಿಗಿತ್ತಿ ಎಂದು ಸೂಜಿ ನಗುತ್ತಿದ್ದಳು. ಚಿಕ್ಕಮ್ಮನಂತೂ ಅಪ್ಪನೊಬ್ಬ ಮುನಿಸಿಕೊಂಡ ಮಗಳನ್ನು ರಮಿಸುವ ಹಾಡು ಅಂದುಕೊಂಡಿದ್ದರು. ಮೊಮ್ಮಗನನ್ನು ಅದೇ ಹಾಡಿನಲ್ಲಿ ಮಲಗಿಸುತ್ತಿದ್ದರು. ಮಗು ಮಲಗುತ್ತಿತ್ತು.

ಹೀಗಿರುವಾಗ ನನ್ನ ತಂಗಿ ಬಂದಳು.

ಅವಳು ಗಂಡನ ಮನೆ ಬಿಟ್ಟು ಬಂದದ್ದು ಅದು ಮೂರನೆಯ ಸಲ. ಮೊದಲ ಎರಡು ಸಲ ನಾನೇ ಬುದ್ಧಿ ಹೇಳಿ ಕಳಿಸಿದ್ದೆ. ಸ್ವಲ್ಪ ತಾಳ್ಮೆ ತಂದುಕೋ, ಎಲ್ಲ ಮನೆಯಲ್ಲೂ ಇದ್ದದ್ದೇ ಎಂದು ಬಸ್ಸಿನ ಕಿಟಕಿಯ ಹೊರಗೆ ನಿಂತು ಹೇಳಿದ್ದೆ. ಮೂರನೆಯ ಸಲ ಅವಳ ಬಲಗೈಯ ಕಿರುಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಯಾವಾಗ ಆಯಿತು ಎಂದು ಕೇಳಿದೆ. ನೀನು ಎರಡನೇ ಸಲ ಕಳಿಸಿದ ಮೇಲೆ ಎಂದಳು. ಕೋಪದಿಂದ ಹೇಳಲಿಲ್ಲ, ದಿನಾಂಕ ಹೇಳುವ ಹಾಗೆ ಹೇಳಿದಳು. ಅವತ್ತಿನಿಂದ ನನಗೆ ಅವಳ ಮುಖ ನೋಡಿ ಮಾತಾಡುವುದು ಕಷ್ಟವಾಯಿತು, ಕೈ ನೋಡುತ್ತಿದ್ದೆ.

ನಮ್ಮ ಮನೆ ಎರಡು ಕೋಣೆಯದು. ಇವಳು ಅಡುಗೆಮನೆಯಲ್ಲಿ ಮಲಗುತ್ತಿದ್ದಳು. ನನ್ನ ಗಂಡ ಒಂದು ಮಾತೂ ಆಡಿದವರಲ್ಲ, ಆದರೆ ಬೆಳಿಗ್ಗೆ ನೀರು ಕುಡಿಯಲು ಅಡುಗೆಮನೆಗೆ ಹೋಗುವ ಮೊದಲು ಹೊಸ್ತಿಲಲ್ಲಿ ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿದಾಗಲೆಲ್ಲ ಅವಳು ಗಡಿಬಿಡಿಯಲ್ಲಿ ಎದ್ದು ಹಾಸಿಗೆ ಸುತ್ತುವುದು ನನಗೆ ಕಾಣುತ್ತಿತ್ತು. ಎರಡು ಬೀದಿ ಆಚೆ ದರ್ಜಿ ಅಂಗಡಿಯ ಹಿಂದೆ ಒಂದು ಕೋಣೆ ಖಾಲಿ ಇತ್ತು. ಒಂಟಿ ಹೆಂಗಸಿಗೆ ಕೊಡಲು ದರ್ಜಿಯ ಹೆಂಡತಿಗೆ ಅಡ್ಡಿಯಿರಲಿಲ್ಲ, ಆದರೆ ಕಾಯಂ ಕೆಲಸವಿದೆ ಎಂದು ಯಜಮಾನರ ಕಾಗದ ಬೇಕು ಎಂದಿದ್ದಳು. ನಮ್ಮ ಯಜಮಾನರು ತಂಗಿಯನ್ನು ಮೂರು ತಿಂಗಳ ಮಟ್ಟಿಗೆ ನೋಡೋಣ ಎಂದು ಸೇರಿಸಿಕೊಂಡರು. ಮೂರು ತಿಂಗಳು ದಾಟಿದರೆ ಕಾಗದ, ಕಾಗದ ಸಿಕ್ಕರೆ ಕೋಣೆ. ಸಿಗದಿದ್ದರೆ ಆ ಹಾಸಿಗೆ ಸುತ್ತುವುದು ತಪ್ಪುತ್ತಿರಲಿಲ್ಲ. ಎಷ್ಟು ದಿನ ತಡೆಯುತ್ತಾಳೋ, ಮತ್ತೆ ಆ ಬಸ್ಸು ಹತ್ತುತ್ತಾಳೋ ಎಂಬ ಭಯ ನನಗಿತ್ತು.

ಮೊದಲ ದಿನ ಅವಳನ್ನು ಕೊನೆಯಲ್ಲಿ, ಚಿಕ್ಕಮ್ಮನ ಹಿಂದೆ ನಿಲ್ಲಿಸಿ ಹಾಡು ಎತ್ತಿದೆ. ಅವಳ ಮುಖ ಅರಳಿತು. ಚಿಕ್ಕಂದಿನಲ್ಲಿ ನಾವಿಬ್ಬರೂ ಮೆಟ್ಟಿಲ ಮೇಲೆ ಕುಣಿಯುತ್ತಾ ಹಾಡುತ್ತಿದ್ದ ಹಾಡು ಅದು. ಅಮ್ಮ ಒಳಗಿನಿಂದ ಬಾಯಿ ಮುಚ್ಚಿ ಎಂದು ಗದರುತ್ತಿದ್ದಳು. ನಾನೂ ಖುಷಿಯಿಂದ ಹಾಡಿದೆ. ಏಳನೆಯ ಸಾಲಿಗೆ ಬಂದೆವು.

ಹೊಡೆದ ಕೈಯಲ್ಲೇ ಕಣ್ಣೊರೆಸ್ತೀನಿ, ಹೋಗ್ಬೇಡ ಗಿಣಿಯೇ ಹೋಗ್ಬೇಡ.

ಅಷ್ಟು ವರ್ಷಗಳಲ್ಲಿ ಮೊದಲ ಸಲ ಅದು ನನ್ನ ಕಿವಿಗೆ ಬಿತ್ತು. ತಿರುಗಿ ತಂಗಿಯ ಕಿರುಬೆರಳು ನೋಡಿದೆ. ಮುಂದಿನ ಸುತ್ತಿನಲ್ಲಿ ಆ ಸಾಲನ್ನು ನುಂಗಿದೆ, ಬರೀ ಗುಂಯ್ ಎಂದು ರಾಗ ಎಳೆದೆ. ಸೂಜಿ ನನ್ನ ಬೆನ್ನ ಹಿಂದಿನಿಂದಲೇ ಏನಾಯ್ತು ಎಂದು ಪಿಸುಗುಟ್ಟಿದಳು. ಊಟದ ಹೊತ್ತಿನಲ್ಲಿ ತಂಗಿ ಕೈ ತೊಳೆಯಲು ಹೋದಾಗ ಸೂಜಿಗೆ ಹೇಳಿಬಿಟ್ಟೆ. ಬೆರಳಿನ ವಿಷಯ, ಬಸ್ಸಿನ ವಿಷಯ, ಎಲ್ಲ. ಯಾರಿಗೂ ಹೇಳಬೇಡ ಎಂದೂ ಹೇಳಿದೆ. ಸೂಜಿ ಚಿಕ್ಕಮ್ಮನಿಗೆ ಮಾತ್ರ ಹೇಳಿದಳು. ಆ ಕೋಣೆಯಲ್ಲಿ ಹೇಳಬಹುದಾದವರು ಇನ್ನು ಯಾರೂ ಉಳಿದಿರಲಿಲ್ಲ.

ಮಧ್ಯಾಹ್ನದಿಂದ ಆ ಸಾಲಿಗೆ ಮೂವರೂ ಬಾಯಿ ಮುಚ್ಚಿದೆವು. ಮೊದಲ ವಾರ ಗುಂಯ್ ಎನ್ನುವ ರಾಗವಾದರೂ ಇತ್ತು. ಆಮೇಲೆ ಅದೂ ನಿಂತಿತು. ಹಾಡಿದರೆ ಒಂದು ಸಾಲಿಗೆ ಇಂತಿಷ್ಟೇ ಉದ್ದ ಎಂದಿರುತ್ತದೆ. ಸುಮ್ಮನಿರುವುದಕ್ಕೆ ಉದ್ದ ಯಾವುದು? ದಿನದಿಂದ ದಿನಕ್ಕೆ ಅದು ಕುಗ್ಗುತ್ತಾ ಹೋಯಿತು. ಆರನೆಯ ಸಾಲಿನ ಬಾಲ ಹಿಡಿದುಕೊಂಡು ಎಂಟನೆಯದು ಬರತೊಡಗಿತು. ಆ ಜಾಗದಲ್ಲಿ ತಂಗಿ ಯಾವಾಗಲೂ ಒಂದು ಹೆಜ್ಜೆ ಹಿಂದೆ ಬೀಳುತ್ತಿದ್ದಳು. ಹೊಸಬಳು, ಕೈ ಇನ್ನೂ ಪಳಗಿಲ್ಲ ಎಂದುಕೊಂಡು, ಸ್ವಲ್ಪ ಚುರುಕಾಗು ಪುಟ್ಟಿ ಎಂದು ಎರಡು ಮೂರು ಸಲ ಹೇಳಿದ್ದೂ ಉಂಟು. ನಲವತ್ತರ ಹೆಂಗಸನ್ನು ಪುಟ್ಟಿ ಎನ್ನುತ್ತೇನೆಂದು ಸೂಜಿ ನಗುತ್ತಿದ್ದಳು.

ಮೂರನೆಯ ತಿಂಗಳಲ್ಲಿ ಒಂದು ಶಾಲೆಗೆ ಭೂಗೋಳದ ಪುಸ್ತಕ ಬಂತು. ಆರುನೂರು ಪ್ರತಿ, ಹನ್ನೆರಡು ಫಾರಂ. ಜೋಡಿಸಿ ಮುಗಿದಾಗ ಒಂದು ರಾಶಿ ಮೊಣಕಾಲೆತ್ತರ ಉಳಿದಿತ್ತು. ಕೆಳಗಿನವರು ಲೆಕ್ಕ ತಪ್ಪಿ ಹೆಚ್ಚಿಗೆ ಅಚ್ಚು ಹಾಕಿದ್ದಾರೆ ಎಂದು ಬೈದು, ಚಿಕ್ಕಮ್ಮ ಅದನ್ನು ದಾರದಲ್ಲಿ ಕಟ್ಟಿ ಗೋಂದಿನ ಮೇಜಿನ ಅಡಿಗೆ ತಳ್ಳಿದರು. ಯಾವ ರಾಶಿ ಎಂದು ಯಾರೂ ನೋಡಲಿಲ್ಲ. ಇನ್ನೂರು ಪ್ರತಿಗೆ ಹೊಲಿಗೆ, ರಟ್ಟು ಮುಗಿಸಿ ಶಾಲೆಗೆ ಕಳಿಸಿದೆವು. ಉಳಿದದ್ದು ಹೊಲಿಗೆಗೆ ಕಾದು ಕೂತಿತ್ತು. ತಂಗಿಯ ಮೂರು ತಿಂಗಳು ಮುಗಿಯಲು ನಾಲ್ಕು ದಿನವಿತ್ತು.

ಮಂಗಳವಾರ ಬೆಳಿಗ್ಗೆ ಯಜಮಾನರು ಮೆಟ್ಟಿಲು ಹತ್ತಿ ಬಂದರು. ಅವರು ನನಗಿಂತ ಚಿಕ್ಕವರು, ಸಿಟ್ಟು ಬಂದರೂ ಅಕ್ಕ ಎಂದೇ ಕರೆಯುತ್ತಾರೆ. ಕೈಯಲ್ಲಿ ಭೂಗೋಳವಿತ್ತು. ಶಾಲೆಯ ಮೇಷ್ಟರು ಫೋನ್ ಮಾಡಿದ್ದರಂತೆ. ತೊಂಬತ್ತಾರನೆಯ ಪುಟದಲ್ಲಿ ಬೆಟ್ಟಗಳು ಮುಗಿದರೆ ಪಕ್ಕದಲ್ಲೇ ನೂರ ಹದಿಮೂರನೆಯ ಪುಟದಲ್ಲಿ ಮಣ್ಣು ಶುರುವಾಗುತ್ತದೆ. ನಡುವೆ ನದಿಗಳು ಇರಬೇಕಿತ್ತು. ಎಷ್ಟೋ ಮಕ್ಕಳ ಪುಸ್ತಕದಲ್ಲಿ ನದಿಗಳೇ ಇಲ್ಲ.

ಯಜಮಾನರು ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು. ಕೂಗಾಡಲಿಲ್ಲ.

"ಹನ್ನೊಂದು ವರ್ಷದಲ್ಲಿ ಆಗದೇ ಇದ್ದದ್ದು ಈಗ ಯಾಕಾಯ್ತು ಅಕ್ಕ? ಇಲ್ಲಿ ಹೊಸಬರು ಅಂತ ಇರೋದು ಒಬ್ರೇ."

ತಂಗಿ ತಲೆ ತಗ್ಗಿಸಿದಳು. ನಿಮ್ಮ ಕಡೆಯವರು ಅಂತ ಸೇರಿಸಿಕೊಂಡೆ, ಆದರೆ ಶನಿವಾರದ ಆಚೆಗೆ ಕಷ್ಟ ಎಂದು ಅವರು ನನಗಷ್ಟೇ ಕೇಳುವ ಹಾಗೆ ಹೇಳಿದರು. ಆ ಕೋಣೆಯಲ್ಲಿ ಒಬ್ಬರಿಗೆ ಕೇಳಿದ್ದು ನಾಲ್ವರಿಗೂ ಕೇಳುತ್ತದೆ.

ನಾನು ಹೊಲಿಗೆಗೆ ಕಾದಿದ್ದ ಅಟ್ಟಿಯ ಹತ್ತಿರ ಹೋದೆ. ಸುತ್ತು ಮುಗಿದಾಗ ನಾವು ಬಂದ ಕ್ರಮದಲ್ಲೇ ಒಂದರ ಮೇಲೊಂದು ಇಡುತ್ತೇವೆ. ಮೊದಲು ನನ್ನದು, ಆಮೇಲೆ ಸೂಜಿಯದು, ಚಿಕ್ಕಮ್ಮನದು, ಎಲ್ಲಕ್ಕೂ ಮೇಲೆ ತಂಗಿಯದು. ಮೇಲಿನಿಂದ ಒಂದೊಂದೇ ತೆಗೆದು ತೊಂಬತ್ತಾರನೆಯ ಪುಟ ಬಿಡಿಸಿದೆ. ಮೊದಲನೆಯದರಲ್ಲಿ ನದಿ ಇತ್ತು. ಎರಡನೆಯದರಲ್ಲಿ ಇಲ್ಲ. ಮೂರನೆಯದರಲ್ಲಿ ಇಲ್ಲ. ನಾಲ್ಕರಲ್ಲೂ ಇಲ್ಲ. ಐದರಲ್ಲಿ ಇತ್ತು. ಇಪ್ಪತ್ತನ್ನು ನೋಡಿದೆ, ಒಂದು ಕಡೆಯೂ ವ್ಯತ್ಯಾಸವಾಗಲಿಲ್ಲ.

ಹೊಸಬಳ ತಪ್ಪಾಗಿದ್ದರೆ ನಾಲ್ಕಕ್ಕೆ ಒಂದು ಕೆಡಬೇಕಿತ್ತು, ಇಲ್ಲಿ ನಾಲ್ಕಕ್ಕೆ ಒಂದು ಮಾತ್ರ ಸರಿಯಿದೆ ಎಂದೆ. ಹಾಗಾದರೆ ಹಳೆಯ ಮೂವರೂ ಒಂದೇ ಫಾರಂ ತಪ್ಪಿಸಿದಿರಾ ಎಂದು ಅವರು ನಂಬದೆ ಕೇಳಿದರು. ನನಗೂ ನಂಬಿಕೆ ಇರಲಿಲ್ಲ. ನನ್ನ ಕೈ ತಪ್ಪುತ್ತದೆ ಎಂದರೆ ನಾನೇ ಒಪ್ಪುವವಳಲ್ಲ.

"ಸುತ್ತಿ ತೋರಿಸಿ. ದಿನಾ ಹೇಗೆ ಮಾಡ್ತೀರೋ ಹಾಗೇ."

ಚಿಕ್ಕಮ್ಮ ಗೋಂದಿನ ಮೇಜಿನ ಅಡಿಯ ಕಟ್ಟನ್ನು ಎಳೆದು ತಂದರು. ಬಿಚ್ಚಿದಾಗ ಎಲ್ಲವೂ ಏಳನೆಯ ಫಾರಂ. ಅದನ್ನು ಏಳನೆಯ ಜಾಗದಲ್ಲೂ, ಬೇರೆ ಜಾಗಗಳಲ್ಲಿ ಉಳಿಕೆಯ ಹಾಳೆಗಳನ್ನೂ ಇಟ್ಟು ಹೊರಟೆವು. ಮೊದಲ ಸುತ್ತಿನಲ್ಲಿ ಎಲ್ಲರೂ ಎಚ್ಚರವಾಗಿದ್ದೆವು, ಹಾಡನ್ನು ಪಿಸುಮಾತಿನಲ್ಲೇ ಮುಗಿಸಿದೆವು. ಹನ್ನೆರಡೂ ಸರಿಯಾಗಿ ಬಂತು. ಹೀಗಲ್ಲ, ಕೆಳಗೆ ಕೇಳಿಸುವ ಹಾಗೆ ಹಾಡುತ್ತೀರಲ್ಲ, ಹಾಗೆ ಎಂದರು ಯಜಮಾನರು. ಎರಡನೆಯ ಸುತ್ತಿಗೆ ದನಿ ಬಂತು. ನಾಲ್ಕನೆಯದಕ್ಕೆ ಅವರು ನಿಂತಿರುವುದು ಮರೆತೇಹೋಯಿತು. ಆ ಹಾಡಿನ ಗುಣವೇ ಅದು. ಆರನೆಯ ಸಾಲು ಮುಗಿಯಿತು, ಒಂದು ಸಣ್ಣ ನಿಲುಗಡೆ, ಎಂಟನೆಯದು ಎತ್ತಿದೆ.

"ನಿಲ್ಲಿ," ಎಂದರು. "ಅಕ್ಕ, ನಿಮ್ಮ ಕೈ ನೋಡ್ಕೊಳ್ಳಿ."

ನನ್ನ ಬಲಗೈ ಎಂಟನೆಯ ರಾಶಿಯ ಮೇಲಿತ್ತು. ಎಡಗೈಯಲ್ಲಿ ಎಣಿಸಿದೆ, ಆರು. ಸೂಜಿಯ ಕೈಯಲ್ಲೂ ಏಳನೆಯದಿರಲಿಲ್ಲ. ಚಿಕ್ಕಮ್ಮನ ಕೈ ಏಳನೆಯ ರಾಶಿಯನ್ನು ದಾಟಿ ಗಾಳಿಯಲ್ಲಿತ್ತು. ಕೊನೆಯಲ್ಲಿ ತಂಗಿ, ತಲೆ ಬಗ್ಗಿಸಿಕೊಂಡು, ಆ ಸೊಟ್ಟ ಬೆರಳಿನ ಕೈಯಿಂದ ಏಳನೆಯದನ್ನು ಎತ್ತುತ್ತಿದ್ದಳು.

ಇದು ಯಾಕೆ ಹೀಗೆ ಎಂದು ಯಜಮಾನರು ಕೇಳಿದರು. ಹಾಡಿನಲ್ಲಿ ಒಂದು ಸಾಲು ಬಿಟ್ಟಿದ್ದೇವೆ ಎಂದೆ. ಯಾಕೆ ಬಿಟ್ಟಿರಿ ಎಂದರು. ಆ ಪ್ರಶ್ನೆಗೆ ಉತ್ತರ ನನ್ನ ಹತ್ತಿರವಿತ್ತು. ಹೇಳಿದರೆ ತಂಗಿಯ ಸಂಸಾರವನ್ನು ಅವಳೆದುರೇ ಮೇಜಿನ ಮೇಲೆ ಹರವಬೇಕು. ಹೇಳದಿದ್ದರೆ ಶನಿವಾರ.

"ನನಗೋಸ್ಕರ ಬಿಟ್ರು ಸಾರ್," ಎಂದಳು ತಂಗಿ.

ಆಮೇಲೆ ಆ ಸಾಲನ್ನು ಹೇಳಿದಳು. ಹಾಡಲಿಲ್ಲ, ವಿಳಾಸ ಹೇಳುವ ಹಾಗೆ ಹೇಳಿದಳು. ಯಜಮಾನರು ಅವಳ ಮುಖ ನೋಡಿದರು, ಕೈ ನೋಡಿದರು, ತಕ್ಷಣ ಕಿಟಕಿಯ ಕಡೆ ತಿರುಗಿದರು. ಬೇರೆಯವರು ಎತ್ತದೆ ಇದ್ದದ್ದು ನಿಮಗೆ ಕಾಣಲಿಲ್ಲವೇ ಎಂದು ಅಲ್ಲಿಂದಲೇ ಮೆಲ್ಲಗೆ ಕೇಳಿದರು.

"ಆ ಸಾಲಿಗೆ ಎಲ್ರೂ ಸುಮ್ನಾಗಿ ನನ್ನ ಕೈ ನೋಡೋರು. ನಾನು ತಲೆ ಎತ್ತುತ್ತಿರ್ಲಿಲ್ಲ. ಮನಸ್ಸಲ್ಲಿ ಹಾಡ್ಕೊಂಡು ನನ್ನದು ಎತ್ಕೊಳ್ತಿದ್ದೆ."

ಯಜಮಾನರು ಭೂಗೋಳವನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲವರೆಗೆ ಹೋದರು. ಶಾಲೆಯಿಂದ ಇನ್ನೂರನ್ನೂ ವಾಪಸ್ಸು ತರಿಸುತ್ತೇನೆ, ಶುಕ್ರವಾರದೊಳಗೆ ಎಲ್ಲದಕ್ಕೂ ನದಿ ಸೇರಿಸಬೇಕು ಎಂದರು. ಇನ್ನು ಮೇಲೆ ಬೆನ್ನಿಗೆ ಕಪ್ಪು ಗುರುತು ಹಾಕಿಸುತ್ತೇನೆ ಎಂದೂ ಹೇಳಿದರು.

"ಮತ್ತೆ ಮುಂದೆ ನಿಲ್ಲೋದು ಅವರು ನಿಲ್ಲಲಿ ಅಕ್ಕ. ಹನ್ನೆರಡೂ ಎತ್ತೋರು ಒಬ್ರಾದ್ರೂ ಮುಂದಿರ್ಲಿ."

ಮೂರು ದಿನ ಬಿಚ್ಚುವ ಕೆಲಸ. ರಟ್ಟು ಕಿತ್ತು, ದಾರ ಕತ್ತರಿಸಿ, ಬೆಟ್ಟಕ್ಕೂ ಮಣ್ಣಿಗೂ ನಡುವೆ ಹದಿನಾರು ಪುಟ ಇಟ್ಟು ಮತ್ತೆ ಹೊಲಿದೆವು. ಮೊದಲ ದಿನ ತಂಗಿ ನನ್ನ ಜೊತೆ ಮಾತಾಡಲಿಲ್ಲ. ಎರಡನೆಯ ದಿನ ಸೂಜಿ, ಚಿಕ್ಕಮ್ಮ ಊಟಕ್ಕೆ ಇಳಿದಾಗ ನಾವಿಬ್ಬರೇ ಉಳಿದೆವು. ನಾನು ಕ್ಷಮೆ ಕೇಳಬೇಕೆಂದು ಬಾಯಿ ತೆರೆದರೆ ಬಂದದ್ದು ಬೇರೆ ಮಾತು. ಒಳ್ಳೆಯದಕ್ಕೇ ಮಾಡಿದೆವು, ಆ ಸಾಲು ನಿನಗೆ ಚುಚ್ಚಬಾರದು ಅಂತ ಎಂದೆ.

ಅವಳು ಕತ್ತರಿ ಕೆಳಗಿಟ್ಟಳು.

"ಮೊದಲ ದಿನ ನೀನು ಹಾಡು ಎತ್ತಿದಾಗ ನಂಗೆ ಎಷ್ಟು ಖುಷಿ ಆಯ್ತು ಗೊತ್ತಾ? ನಮ್ಮ ಮೆಟ್ಟಿಲು, ಅಮ್ಮ ಬೈತಿದ್ದದ್ದು, ಎಲ್ಲಾ ಬಂತು. ಅವನ ನೆನಪೇ ಬರ್ಲಿಲ್ಲ. ಆಮೇಲೆ ನೀವು ಸುಮ್ನಾದ್ರಿ. ಹಾಡಿದ್ರೆ ಅದು ಹನ್ನೆರಡರಲ್ಲಿ ಒಂದು ಸಾಲು. ನೀವು ಬಾಯಿ ಮುಚ್ಚಿದ್ಮೇಲೆ ಅದೊಂದೇ ಕೇಳಿಸ್ತಿತ್ತು. ದಿನಕ್ಕೆ ನೂರು ಸಲ."

ನಾನು ಒಂದು ಪುಸ್ತಕದ ರಟ್ಟು ಕಿತ್ತೆ.

"ಅವನು ಒಂದಿನಾನೂ ಹಾಡಿದವನಲ್ಲ ಅಕ್ಕ. ಅದು ನನ್ನ ಹಾಡು. ಮನೆ ಬಿಟ್ಟು ಬಂದೆ, ಪಾತ್ರೆ ಬಿಟ್ಟು ಬಂದೆ. ಹಾಡೂ ಅವನಿಗೇ ಬಿಡ್ಬೇಕಾ?"

ಆ ಸಾಲು ಕೆಟ್ಟದ್ದಲ್ಲವೇ ಎಂದು ಕೇಳಿದೆ. ಕೆಟ್ಟದ್ದೇ, ಹೊಲಸು ಸಾಲು, ಬರೆದವನ ಕೈ ಸೇದಿಹೋಗಲಿ ಎಂದಳು. ರಾಗ ಮಾತ್ರ ಎಷ್ಟು ಚೆನ್ನಾಗಿ ಹಾಕಿದ್ದಾರೆ ನೋಡು ಎಂದೂ ಸೇರಿಸಿದಳು. ಎರಡೂ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿ ಕತ್ತರಿ ಎತ್ತಿಕೊಂಡಳು. ಒಂದು ದಾರ ಕತ್ತರಿಸಿ, ಸೂಜಿಗೆ ಯಾಕೆ ಹೇಳಿದೆ ಎಂದು ಕೇಳಿದಳು. ನನ್ನ ಮನಸ್ಸಿನ ಭಾರ ಇಳಿಸಿಕೊಳ್ಳಲು ಹೇಳಿದೆ, ನಿನ್ನನ್ನು ಎರಡು ಸಲ ಬಸ್ಸು ಹತ್ತಿಸಿದವಳು ನಾನು ಎಂದೆ. ಇರಲಿ ಬಿಡು ಎನ್ನುತ್ತಾಳೇನೋ ಎಂದು ಕಾದೆ. ಹೇಳಲಿಲ್ಲ. ಹೇಳದಿದ್ದದ್ದೇ ಸರಿ ಎಂದು ಈಗ ಅನ್ನಿಸುತ್ತದೆ.

ಶುಕ್ರವಾರ ಸಂಜೆಯ ಹೊತ್ತಿಗೆ ಆರುನೂರಕ್ಕೂ ನದಿ ಹರಿಯಿತು. ಶನಿವಾರ ಹೊಸ ಪುಸ್ತಕದ ಫಾರಂಗಳು ಬಂದವು, ಪ್ರತಿಯೊಂದರ ಬೆನ್ನಿಗೂ ಕಪ್ಪು ಗುರುತು. ಇನ್ನು ಹಾಡಿನ ಅಗತ್ಯವೇ ಇಲ್ಲ, ಬಾಯಿಗೆ ರಜೆ ಎಂದಳು ಸೂಜಿ. ತಂಗಿ ನನ್ನ ಜಾಗದಲ್ಲಿ, ಮುಂದೆ ನಿಂತಿದ್ದಳು. ನಾನು ಕೊನೆಯಲ್ಲಿ. ಅವಳು ಹಿಂದೆ ತಿರುಗಿ ನೋಡದೆ ಮೊದಲ ಸಾಲು ಎತ್ತಿದಳು, ನಮ್ಮ ಕಾಲುಗಳು ಹೊರಟವು. ಏಳನೆಯ ಸಾಲಿಗೆ ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಸೂಜಿ ಹಾಡಿದಳು. ಚಿಕ್ಕಮ್ಮ ಅರ್ಧ ಹಾಡಿದರು. ಈಗ ಅವರಿಗೆ ಅರ್ಥ ತಿಳಿದಿತ್ತು, ಮೊಮ್ಮಗನಿಗೆ ಬೇರೆ ಹಾಡು ಹುಡುಕಿದರೆ ಮಗು ಒಪ್ಪುತ್ತಿಲ್ಲವಂತೆ. ನನ್ನ ಕೈ ಏಳನೆಯದನ್ನು ಎತ್ತಿತು, ಬಾಯಿ ತೆರೆಯಲಿಲ್ಲ.

ಸಂಜೆ ಯಜಮಾನರು ಕಾಗದ ಕೊಟ್ಟರು. ಒಂದೇ ವಾಕ್ಯ, ಕೆಳಗೆ ಮೊಹರು. ತಂಗಿ ಅದನ್ನು ಎರಡು ಸಲ ಓದಿ, ಸೆರಗಿನ ತುದಿಯಿಂದ ಒರೆಸಿದಳು, ಅದಕ್ಕೇನೂ ಅಂಟಿರಲಿಲ್ಲ.

ಭಾನುವಾರ ಕೋಣೆಗೆ ಸಾಮಾನು ಸಾಗಿಸಿದೆವು. ಸಾಮಾನು ಅಂದರೆ ಒಂದು ಹಾಸಿಗೆ, ಒಂದು ಪೆಟ್ಟಿಗೆ, ನಾನು ಕೊಟ್ಟ ನಾಲ್ಕು ಪಾತ್ರೆ. ಗೋಡೆಯ ಆಚೆ ದರ್ಜಿಯ ಯಂತ್ರ ಓಡುತ್ತಿತ್ತು. ಅವಳು ಕುರ್ಚಿ ಹತ್ತಿ ಗೂಡು ಒರೆಸುತ್ತಿದ್ದಳು, ನಾನು ಕೆಳಗೆ ನಿಂತು ಪಾತ್ರೆ ಎತ್ತಿಕೊಡುತ್ತಿದ್ದೆ. ಅವಳ ಬಾಯಲ್ಲಿ ಅದೇ ಹಾಡು. ಚಿಕ್ಕಂದಿನಲ್ಲಿ ಒಂದು ಸಾಲು ಅವಳು, ಒಂದು ಸಾಲು ನಾನು ಹಾಡುತ್ತಿದ್ದೆವು. ಎರಡನೆಯದು ನನ್ನದು, ಹಾಡಿದೆ. ನಾಲ್ಕು, ಆರು ನನ್ನವು. ಏಳನೆಯದು ಅವಳದ್ದು. ಅವಳು ಹಾಡಲಿಲ್ಲ. ಗೂಡಿನ ಕಡೆ ಮುಖ ಮಾಡಿ, ಬಟ್ಟೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕಾಯುತ್ತಿದ್ದಳು.

ನಾನು ಹಾಡಿದೆ. ರಾಗ ಎಲ್ಲಿಗೋ ಹೋಯಿತು.

ಅವಳು ಕುರ್ಚಿಯ ಮೇಲಿಂದ ತಿರುಗಿ ನೋಡಿ ನಕ್ಕಳು.

"ಅಲ್ಲಿ ಏರಿಸ್ಬೇಕು ಅಕ್ಕ, ಇಳಿಸೋದಲ್ಲ. ಇನ್ನೊಂದ್ಸಲ ಮೊದಲಿಂದ ಬಾ."

ಮುಂದಿನ ಪಾತ್ರೆ ಎತ್ತಿಕೊಟ್ಟು ಮೊದಲಿಂದ ಶುರುಮಾಡಿದೆ.